ಗಿರಿಜಕ್ಕನ ಕಾಫಿ ಮತ್ತು ನನ್ನ ಹೊಸ ಹೊಟ್ಟೆ

ಆಸ್ಪತ್ರೆಯ ಗೋಡೆಯ ಮೇಲೆ ಎರಡು ಫೋಟೋ ತೂಗುಹಾಕಿದ್ದರು. ಎಡಗಡೆ ನನ್ನಂಥ ದಪ್ಪ ಹೆಂಗಸು, ಬಲಗಡೆ ಸೀರೆ ಅಂಗಡಿಯ ಬೊಂಬೆಯಂಥವಳು. ಕೆಳಗೆ ‘ಮೊದಲು’, ‘ನಂತರ’ ಎಂದು ಬರೆದಿತ್ತು. ಆ ಇಬ್ಬರೂ ಒಬ್ಬಳೇ ಎಂದು ನಾನು ಇವತ್ತಿಗೂ ನಂಬಿಲ್ಲ. ಮೂಗೇ ಬೇರೆ ಇತ್ತು. ಪಕ್ಕದಲ್ಲಿ ಕೂತಿದ್ದ ಗಂಡನಿಗೆ ಮೊಣಕೈಯಲ್ಲಿ ತಿವಿದು ತೋರಿಸಿದೆ.

"ಸುಮ್ನೆ ಕೂತ್ಕೊ ಮಾರಾಯ್ತಿ. ಇಷ್ಟು ದೂರ ಮೂಗು ನೋಡೋಕೆ ಬಂದಿದ್ದೀವಾ ನಾವು?" ಅಂದರು ಇವರು.

ನಾನು ಸುಮಿತ್ರ. ಗೋಣಿಬೀಡಿನಿಂದ ಒಳಗೆ ಹೋದರೆ ಮಣ್ಣಿನ ರಸ್ತೆಯ ಕೊನೆಗೆ ನಮ್ಮ ಸಣ್ಣ ಕಾಫಿ ತೋಟ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದ ಕಾಲ ಅದು. ನಮ್ಮ ಕಡೆಗೂ ಮೊಬೈಲು ಬಂದಿತ್ತು, ಆದರೆ ಸಿಗ್ನಲ್ ಬೇಕಾದರೆ ತೋಟದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಹೋಗಿ ನಿಲ್ಲಬೇಕಿತ್ತು. ನನ್ನ ತೂಕ ಎಷ್ಟಿತ್ತು ಎಂದು ಕೇಳಬೇಡಿ, ಹೇಳುವುದಿಲ್ಲ. ಮೂಡಿಗೆರೆ ಬಸ್ಸಿನಲ್ಲಿ ನಾನು ಕೂತರೆ ಪಕ್ಕದಲ್ಲಿ ಜಾಗವಿದ್ದರೂ ಜನ ನಿಂತುಕೊಂಡೇ ಹೋಗುತ್ತಿದ್ದರು ಅಂದರೆ ಸಾಕು. ಮಂಡಿ ಹೋಗಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಗೋಡೆಗೆ ಒರಗಿ ಕೂತೇ ನಿದ್ದೆ. ಚಿಕ್ಕಮಗಳೂರಿನ ಡಾಕ್ಟರು, "ಹೀಗೇ ಬಿಟ್ಟರೆ ಒಂದಿನ ಹೋದ ಉಸಿರು ವಾಪಸ್ ಬರಲ್ಲಮ್ಮ" ಎಂದು ಹೇಳಿ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಹೊಟ್ಟೆಯನ್ನೇ ಚಿಕ್ಕದು ಮಾಡುವ ಆಪರೇಷನ್ ಮಾಡುತ್ತಾರೆ ಎಂದಾಗ ನನಗೆ ಮೊದಲು ಬಂದ ಅನುಮಾನ, ಈ ಡಾಕ್ಟರಿಗೂ ಆ ಬೆಂಗಳೂರಿನವರಿಗೂ ಏನೋ ಒಳಒಪ್ಪಂದ ಇದೆ ಎಂದು.

ಬೆಂಗಳೂರಿನ ಡಾಕ್ಟರನ್ನು ನೋಡಿ ಆ ಅನುಮಾನ ಹೆಚ್ಚಾಯಿತು. ಮನುಷ್ಯ ಕಡ್ಡಿಯ ಹಾಗಿದ್ದರು. ಹಸಿವು ಎಂದರೆ ಏನೆಂದು ಈತನಿಗೆ ಗೊತ್ತಿರಲು ಸಾಧ್ಯವೇ? ಆದರೆ ಆ ವೇಟಿಂಗ್ ರೂಮಿನಲ್ಲಿ ಕೈಯಿಲ್ಲದ, ಅಗಲವಾದ ಬೆಂಚುಗಳನ್ನು ಹಾಕಿಸಿದ್ದರು. ಎಲ್ಲೇ ಹೋದರೂ ಕುರ್ಚಿಯ ಎರಡು ಕೈಗಳ ನಡುವೆ ಹಿಡಿಸುತ್ತೇನೋ ಇಲ್ಲವೋ ಎಂದು ಲೆಕ್ಕ ಹಾಕಿ, ನಿಂತೇ ಇರುತ್ತೇನೆಂದು ನಗುವವಳು ನಾನು. ಅಲ್ಲಿ ಯೋಚಿಸದೆ ಕೂತುಬಿಟ್ಟೆ. ನನ್ನನ್ನು ಆಪರೇಷನ್‌ಗೆ ಒಪ್ಪಿಸಿದ್ದು ಡಾಕ್ಟರ ಮಾತಲ್ಲ, ಆ ಬೆಂಚು.

ಊರಲ್ಲಿ ಮಾತ್ರ ಯಾರಿಗೂ ನಿಜ ಹೇಳಲಿಲ್ಲ. "ತಿಂದು ತಿಂದು ಊದ್ಕೊಂಡ್ಲು, ಈಗ ಹೊಟ್ಟೆ ಕತ್ತರಿಸ್ಕೊಂಡು ಬಂದಿದಾಳೆ" ಎಂದು ಆಡಿಕೊಳ್ಳುವ ಬಾಯಿಗಳು ನನಗೆ ಗೊತ್ತು. ಪಿತ್ತಕೋಶದಲ್ಲಿ ಕಲ್ಲು, ತೆಗೆಸಬೇಕು ಎಂದು ಎಲ್ಲರಿಗೂ ಹೇಳಿದ್ದಾಯಿತು. ನಿಜ ಗೊತ್ತಿದ್ದದ್ದು ನನ್ನ ಗಂಡನಿಗೆ ಮತ್ತು ಕಳಸದಲ್ಲಿದ್ದ ನನ್ನ ಅಮ್ಮನಿಗೆ ಮಾತ್ರ.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಆಪರೇಷನ್ ಆಯಿತು. ಎಚ್ಚರವಾದಾಗ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ನೀರು ಕೊಡಬಾರದು ಎಂದು ಎಲ್ಲರೂ ಹೇಳಿ ಹೇಳಿ ಹೋದರು. ಒಬ್ಬ ನರ್ಸ್ ಮಾತ್ರ ಏನೂ ಹೇಳದೆ, ಹತ್ತಿಯನ್ನು ನೀರಿನಲ್ಲಿ ಅದ್ದಿ ನನ್ನ ತುಟಿಗೆ ಒತ್ತಿದಳು. ಅವಳ ಹೆಸರು ಕೇಳಲು ಮರೆತೆ. ಈಗಲೂ ಬಾಯಾರಿದಾಗ ಅವಳ ನೆನಪಾಗುತ್ತದೆ.

ಬಿಡುಗಡೆಯ ದಿನ ಆಹಾರದ ಬಗ್ಗೆ ಹೇಳುವ ಹುಡುಗಿ ಬಂದಳು. ಸಕ್ಕರೆ ಬೇಡ, ಸ್ವೀಟ್ ಬೇಡ, ಜ್ಯೂಸ್ ಬೇಡ, ಊಟದ ಜೊತೆ ನೀರು ಬೇಡ, ಬಲವಂತವಾಗಿ ವಾಂತಿಯಾಗುವಂಥದ್ದು ಏನೂ ಮಾಡಿಕೊಳ್ಳಬೇಡಿ, ಒಳಗೆ ಹೊಲಿಗೆ ಇದೆ. ನಾನು ತಲೆಯಾಡಿಸಿದೆ. ಕೊನೆಗೆ ಒಂದು ಫೋನ್ ನಂಬರ್ ಕೊಟ್ಟಳು. "ನಿಮ್ಮ ಕಡೆಯವರೇ, ಮೂಡಿಗೆರೆಯವರು. ಹೋದ ವರ್ಷ ಇಲ್ಲೇ ಆಪರೇಷನ್ ಮಾಡಿಸ್ಕೊಂಡ್ರು. ಏನಾದ್ರೂ ಇದ್ರೆ ಅವರ ಹತ್ರ ಮಾತಾಡಿ, ಅವರೂ ಫೋನ್ ಮಾಡ್ತಾರೆ."

ಯಾಕೆ ಮಾಡಬೇಕು? ಗುರುತಿಲ್ಲ, ಪರಿಚಯವಿಲ್ಲ. ಇದು ಕಮಿಷನ್ ಗಿರಾಕಿ ಎಂದು ನಾನು ಅಲ್ಲೇ ತೀರ್ಮಾನಿಸಿದೆ.

ಆ ಗಿರಾಕಿಯ ಹೆಸರು ಜುಬೇದಾ. ಗಂಡ ಮೂಡಿಗೆರೆಯಲ್ಲಿ ಜೀಪ್ ಮೆಕ್ಯಾನಿಕ್. ಭಾನುವಾರ ಭಾನುವಾರ ಹೇಳಿಟ್ಟ ಹೊತ್ತಿಗೆ ಫೋನ್ ಮಾಡುತ್ತಿದ್ದಳು. ನಾನು ಮಂಡಿ ಹಿಡಿದುಕೊಂಡು ಟ್ಯಾಂಕಿನ ಹತ್ತಿರ ಹತ್ತಿ ಹೋಗಬೇಕು, ಅದೊಂದು ಸಿಟ್ಟು ಬೇರೆ. ಹಿಂದುಗಡೆ ಯಾರೋ ಸುತ್ತಿಗೆಯಲ್ಲಿ ಕುಟ್ಟುವ ಸದ್ದು, ಅದರ ನಡುವೆ ಅವಳ ದೊಡ್ಡ ಗಂಟಲು.

"ಏನ್ ತಿಂದ್ರಿ ಇವತ್ತು? ಮೊಟ್ಟೆ ಇಳೀತಾ?"

"ಇಳೀತು."

"ಕೂದ್ಲು ಉದುರ್ತಾ ಇದೆಯಾ?"

ಬಾಚಣಿಗೆ ತುಂಬ ಕೂದಲು ಬರುತ್ತಿದ್ದದ್ದನ್ನು ನಾನು ಗಂಡನಿಗೂ ಹೇಳಿರಲಿಲ್ಲ. ಇವಳಿಗೆ ಹೇಗೆ ಗೊತ್ತು?

"ಇಲ್ಲ ಇಲ್ಲ, ಎಲ್ಲ ಚೆನ್ನಾಗಿದೆ" ಅಂದೆ.

"ಉದುರಿದ್ರೆ ಹೆದರ್ಬೇಡಿ. ನಂದೂ ಅರ್ಧ ತಲೆ ಬೋಳಾಗಿತ್ತು, ಮತ್ತೆ ಬಂತು" ಅಂದಳು. ಆಮೇಲೆ ಏನಾದರೂ ಮಾರುತ್ತಾಳೆ ಎಂದು ಕಾದೆ. ಏನನ್ನೂ ಮಾರಲಿಲ್ಲ. ಅದು ಇನ್ನೂ ಅನುಮಾನದ ವಿಷಯವಾಯಿತು.

ಊಟದ ಕಥೆ ಹೇಳಿದರೆ ಅಳು ಬರುತ್ತದೆ, ನಗುವೂ ಬರುತ್ತದೆ. ಮೊದಲು ಗಂಜಿಯ ತಿಳಿ, ಬೇಳೆ ಕಟ್ಟು, ಅದೂ ಚಮಚದಲ್ಲಿ. ಆಮೇಲೆ ನುಣ್ಣಗೆ ಅರೆದದ್ದು. ಆಮೇಲೆ ಒಂದು ಇಡ್ಲಿ, ಅದನ್ನು ಹಿಟ್ಟಾಗುವ ತನಕ ಅಗಿಯಬೇಕು. ನಾನು ಅರ್ಧ ಇಡ್ಲಿ ಮುಗಿಸುವಷ್ಟರಲ್ಲಿ ಇವರು ಅಕ್ಕಿರೊಟ್ಟಿ ತಿಂದು, ಕೈ ತೊಳೆದು, ತೋಟಕ್ಕೆ ಹೋಗಿ ಒಂದು ಸುತ್ತು ಮುಗಿಸಿ ಬರುತ್ತಿದ್ದರು. ಹಂದಿ ಸಾರು ಮಾಡಿದ ದಿನ ಇವರು ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ಉಣ್ಣುತ್ತಿದ್ದರು. ನನಗೆ ಆಸೆಯಾಗದಿರಲಿ ಎಂದು ಅವರ ಮಾತು. ನನಗೇನೋ, ತಾವು ಎರಡನೇ ಸಲ ಬಡಿಸಿಕೊಳ್ಳುವುದು ಕಾಣದಿರಲಿ ಎಂದೇ ಅನ್ನಿಸುತ್ತಿತ್ತು. ಏನೇ ಆಗಲಿ, ರವಿಕೆಗಳು ಸಡಿಲವಾದವು. ಒಂದು ದಿನ ಮಲಗಿಯೇ ನಿದ್ದೆ ಹೋಗಿ, ಎದ್ದ ಮೇಲೆ ಚಾವಣಿ ನೋಡುತ್ತಾ ಇದು ನಿಜವೋ ಸುಳ್ಳೋ ಎಂದು ತುಂಬ ಹೊತ್ತು ಯೋಚಿಸಿದೆ.

ಇನ್ನು ಗಿರಿಜಕ್ಕನ ವಿಷಯ. ನನ್ನ ಗಂಡನ ಅಣ್ಣನ ಹೆಂಡತಿ. ಅತ್ತೆ ಮಾವ ಹೋದ ಮೇಲೆ ತೋಟ ಪಾಲಾಗಿ, ಮನೆ ಎರಡಾಗಿ, ನಡುವೆ ಕಾಫಿ ಒಣಗಿಸುವ ಕಣ ಒಂದೇ ಉಳಿದಿತ್ತು. ಪಾಲಿನ ಮಾತುಕತೆಯಲ್ಲಿ ಅಣ್ಣತಮ್ಮಂದಿರು ಸಾಕಷ್ಟು ಬಾಯಿ ಮಾಡಿಕೊಂಡು, ಅಂದಿನಿಂದ ಕೆಲಸಕ್ಕೆ ಬೇಕಾದಷ್ಟೇ ಮಾತು. ನಾವಿಬ್ಬರು ಹೆಂಗಸರು ಮಾತ್ರ ಒಂದು ಅಭ್ಯಾಸ ಬಿಟ್ಟಿರಲಿಲ್ಲ. ಸಾಯಂಕಾಲ ನಾಲ್ಕು ಗಂಟೆಗೆ, ಕಣದಲ್ಲಿ ಹರವಿದ ಹಣ್ಣು ಕೆದಕಿ ಮುಗಿಸಿದ ಮೇಲೆ, ಅವರ ಅಡುಗೆಮನೆಯಲ್ಲಿ ಕಾಫಿ. ನಾನು ಮದುವೆಯಾಗಿ ಬಂದ ವಾರ ಶುರುವಾದದ್ದು. ನನಗೆ ಮಕ್ಕಳಾಗಲಿಲ್ಲ ಎಂದು ಊರು ಮಾತಾಡಿದಾಗ, ಆ ಹೊಗೆ ಹಿಡಿದ ಅಡುಗೆಮನೆಯಲ್ಲಿ ಕೂತು ಅತ್ತಿದ್ದೇನೆ. ಗಿರಿಜಕ್ಕ ಸಮಾಧಾನ ಹೇಳುವ ಪೈಕಿ ಅಲ್ಲ. ಲೋಟ ಮುಂದಿಟ್ಟು, "ಕುಡಿ, ಆರುತ್ತೆ" ಅನ್ನುತ್ತಿದ್ದರು. ಅಷ್ಟೇ ನನಗೆ ಸಾಕಾಗಿತ್ತು. ಪಾಲು ಪಟ್ಟಿ ಎಲ್ಲ ಏನಾದರೂ ಆಗಲಿ, ಆ ನಾಲ್ಕು ಗಂಟೆ ಹೋದರೆ ಆ ತೋಟದ ಕೊನೆಯಲ್ಲಿ ನನಗೆ ಯಾರೂ ಇಲ್ಲ.

ಆಪರೇಷನ್ ಆಗಿ ಗಟ್ಟಿ ಊಟ ಶುರುವಾದ ಮೇಲೆ ಮತ್ತೆ ಅಲ್ಲಿಗೆ ಹೋಗತೊಡಗಿದೆ. ಹಣ್ಣು ಕೊಯ್ಯುವ ಕಾಲ. ಮೊದಲ ಕೆಲವು ದಿನ ಏನೂ ಆಗಲಿಲ್ಲ. ಒಂದು ಸಾಯಂಕಾಲ ಅರ್ಧ ಲೋಟ ಕುಡಿದು ಮನೆಗೆ ಬಂದೆ, ಬಾಗಿಲ ಹತ್ತಿರ ಬರುವಷ್ಟರಲ್ಲಿ ಮೈಯೆಲ್ಲ ಬೆವರು. ಎದೆ ಡವಡವ. ಕೈಕಾಲು ನಡುಕ, ಹೊಟ್ಟೆಯಲ್ಲಿ ಹಿಂಡಿದ ಹಾಗೆ. ಚಾಪೆಯ ಮೇಲೆ ಬಿದ್ದುಕೊಂಡೆ, ಸತ್ತೇ ಹೋದೆ ಅಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಕಡಿಮೆಯಾಯಿತು. ಮರುದಿನ ಮತ್ತೆ ಹಾಗೇ. ಅದರ ಮರುದಿನ ಗಿರಿಜಕ್ಕ ಊರಲ್ಲಿರಲಿಲ್ಲ, ನಮ್ಮ ಮನೆಯಲ್ಲೇ ಕಾಫಿ ಮಾಡಿಕೊಂಡು ಕುಡಿದೆ, ಏನೂ ಆಗಲಿಲ್ಲ. ಅವರು ಬಂದರು, ಅಲ್ಲಿ ಕುಡಿದೆ, ಮತ್ತೆ ಬೆವರು.

ನಮ್ಮ ಮನೆಯಲ್ಲೂ ಅದೇ ಪುಡಿ, ಅದೇ ಹಾಲು. ಹಾಗಾದರೆ?

ಆಮೇಲೆ ಗಮನಿಸತೊಡಗಿದೆ. ಒಲೆಯ ಮೇಲಿನ ಅಟ್ಟಣಿಗೆಯಲ್ಲಿ, ಉಪ್ಪಿನ ಮರಿಗೆಯ ಹಿಂದೆ ಒಂದು ಸಣ್ಣ ಡಬ್ಬಿ. ನನ್ನ ಲೋಟಕ್ಕೆ ಕಾಫಿ ಬಗ್ಗಿಸಿದ ಮೇಲೆ ಗಿರಿಜಕ್ಕ ನನಗೆ ಬೆನ್ನು ತಿರುಗಿಸಿ, ಆ ಡಬ್ಬಿಯಿಂದ ಏನೋ ತೆಗೆದು ಹಾಕಿ ಕಲಕುತ್ತಿದ್ದರು. ತಮ್ಮ ಲೋಟಕ್ಕೆ ಹಾಕುತ್ತಿರಲಿಲ್ಲ. ಮತ್ತೆ ನಾನು ಕುಡಿದು ಮುಗಿಸುವ ತನಕ ನನ್ನ ಮುಖವನ್ನೇ ನೋಡುತ್ತಿದ್ದರು. ಹಿಂದೆಲ್ಲ ಹಾಗೆ ನೋಡುತ್ತಿರಲಿಲ್ಲ.

ಅಮ್ಮ ಕಳಸದಿಂದ ನನ್ನನ್ನು ನೋಡಲು ಬಂದವಳು, ನಾನು ಚಾಪೆಯ ಮೇಲೆ ಬೆವರುತ್ತಿರುವುದನ್ನು ಕಂಡು ವಿಷಯ ಬಾಯಿಬಿಡಿಸಿದಳು. ಡಬ್ಬಿಯ ಮಾತು ಕೇಳಿದ್ದೇ ಎದೆ ಹಿಡಿದುಕೊಂಡಳು.

"ಮದ್ದು ಹಾಕಿದಾಳೆ ಕಣೆ ಸುಮಿ."

ಮದ್ದು ಎಂದರೆ ನಮ್ಮ ಕಡೆ ಬಿಡಿಸಿ ಹೇಳಬೇಕಾಗಿಲ್ಲ. ಆಗದವರು ತಿನ್ನುವುದರಲ್ಲಿ ಕುಡಿಯುವುದರಲ್ಲಿ ಬೆರೆಸಿ ಕೊಡುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಣಗಿಸುತ್ತದೆ ಎಂಬ ನಂಬಿಕೆ. ಅದನ್ನು ತೆಗೆಯುವವರೂ ಇದ್ದಾರೆ. ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸುತ್ತಾರೆ.

"ಅವರು ಯಾಕಮ್ಮ ಹಾಕ್ತಾರೆ?"

"ಯಾಕೆ ಅಂತ ಕೇಳ್ತೀಯಲ್ಲ! ಪಾಲು ಆದ್ಮೇಲೆ ಯಾರ ಮನಸ್ಸಲ್ಲಿ ಏನಿದೆಯೋ. ನಿಂಗೆ ಮಕ್ಕಳಿಲ್ಲ. ನಾಳೆ ಈ ತೋಟ ಯಾರಿಗೆ ಹೋಗುತ್ತೆ? ನಿನ್ನ ಮುಖ ನೋಡ್ಕೊ ಕನ್ನಡೀಲಿ. ಕೂದ್ಲು ಹೋಯ್ತು, ಕೆನ್ನೆ ಹೋಯ್ತು."

"ಅದು ಆಪರೇಷನ್ನಿಂದ ಅಮ್ಮ."

"ಬೆವರೋದೂ ಆಪರೇಷನ್ನಿಂದಾನಾ? ನಿನ್ನ ಮನೇಲಿ ಕುಡಿದ್ರೆ ಯಾಕೆ ಬೆವರಲ್ಲ?"

ಬೆಂಗಳೂರಿನ ಡಾಕ್ಟರನ್ನು, ಜುಬೇದಾಳನ್ನು, ಗೋಡೆಯ ಮೇಲಿನ ಫೋಟೋವನ್ನು ಅನುಮಾನಿಸಿದವಳಿಗೆ ಇದೊಂದು ಅನುಮಾನ ಮಾತ್ರ ಬೇಡವಾಗಿತ್ತು. ಇದೊಂದು ಸುಳ್ಳಾಗಲಿ ದೇವರೇ ಎಂದು ಬೇಡಿಕೊಂಡೆ. ಆದರೂ ಅದು ತಲೆಯಿಂದ ಹೋಗಲಿಲ್ಲ. ನಾಲ್ಕು ಗಂಟೆಗೆ ಅವರ ಅಡುಗೆಮನೆಗೆ ಹೋಗಿ ಕುಡಿಯುವುದನ್ನೂ ನಾನು ಬಿಡಲಿಲ್ಲ. ಇವರಿಗೆ ಹೇಳಿದರೆ, "ಅತ್ತಿಗೆ ಹಂಗೆಲ್ಲ ಮಾಡೋರಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹೋಗಿ ತೆಗೆಸ್ಕೊಂಡು ಬಂದ್ರೆ ನಷ್ಟ ಏನು?" ಎಂದೂ ಅಂದರು.

ಹೀಗೆ ಒಂದು ಬೆಳಿಗ್ಗೆ ನಾನೂ ಅಮ್ಮನೂ ಮೂಡಿಗೆರೆಯಲ್ಲಿ ಬಸ್ಸು ಬದಲಾಯಿಸಿ ಕಳಸಕ್ಕೆ ಹೋದೆವು. ಮದ್ದು ತೆಗೆಯುವವರ ಮನೆ ಪೇಟೆಯ ಅಂಚಿನಲ್ಲಿತ್ತು. ಅಂಗಳದಲ್ಲಿ ಮರದ ಬೆಂಚು, ಅದರ ಮೇಲೆ ಸಾಲಾಗಿ ಜನ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರ ತಲೆಯಲ್ಲೂ ಯಾರೋ ಒಬ್ಬರ ಹೆಸರಿತ್ತು, ಮನೆಯವರದ್ದೇ ಹೆಸರು. ಬೆಂಗಳೂರಿನ ವೇಟಿಂಗ್ ರೂಮಿನಲ್ಲಿ ದಪ್ಪಗಿದ್ದವರೆಲ್ಲ ಒಬ್ಬರಿಗೊಬ್ಬರು ನಕ್ಕಿದ್ದೆವು. ಇಲ್ಲಿ ಯಾರೂ ನಗಲಿಲ್ಲ.

ಮನೆಯ ಹಿಂದಿನಿಂದ ಯಾರೋ ಓಕರಿಸುವ ಸದ್ದು ಬಂತು. ಕರುಳೇ ಕಿತ್ತು ಬರುವಂಥ ಸದ್ದು. ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಒಳಗೆ ಹೊಲಿಗೆ ಇದೆ ಎಂದಿದ್ದಳಲ್ಲ ಆ ಹುಡುಗಿ.

"ಅಮ್ಮ, ನಂಗೆ ವಾಂತಿ ಮಾಡ್ಕೋಬಾರದು ಅಂತ ಹೇಳಿದಾರೆ."

"ಅವರಿಗೆ ಮದ್ದಿನ ವಿಷಯ ಏನು ಗೊತ್ತು? ಸುಮ್ನಿರು. ನಮ್ಮ ಸರದಿ ಬಂತು."

ಒಳಗಿನಿಂದ ಹಿತ್ತಾಳೆ ಲೋಟದಲ್ಲಿ ಹಸಿರು ರಸ ಬಂತು. ಲೋಟ ಕೈಯಲ್ಲಿ ಹಿಡಿದೆ. ಕುಡಿದರೆ ಹೊಲಿಗೆ ಹರಿಯಬಹುದು. ಕುಡಿಯದಿದ್ದರೆ ಗಿರಿಜಕ್ಕ ಹಾಕಿದ್ದು ಒಳಗೇ ಉಳಿಯುತ್ತದೆ. ಕುಡಿದು ಏನಾದರೂ ಹೊರಗೆ ಬಿದ್ದರೆ, ಗಿರಿಜಕ್ಕನೇ ನನಗೆ ಇಲ್ಲವಾಗುತ್ತಾರೆ. ಯಾವ ಕಡೆಯಿಂದ ನೋಡಿದರೂ ನನಗೇ ಹೊಡೆತ.

ಲೋಟವನ್ನು ಅಮ್ಮನ ಕೈಗೆ ಕೊಟ್ಟು, "ಬಂದೆ" ಎಂದು ಎದ್ದು ಹೊರಟೆ. ಅಮ್ಮ ಕೂಗುತ್ತಾ ಹಿಂದೆ ಬಂದಳು. ಪೇಟೆಯಲ್ಲಿ ಒಂದು ಎಸ್‌ಟಿಡಿ ಬೂತ್ ಇತ್ತು. ಯಾರಿಗೆ ಮಾಡಲಿ? ಮೊಬೈಲೂ ಬೆಂಗಳೂರಿನ ಆಸ್ಪತ್ರೆಯ ನಂಬರೂ ಮನೆಯಲ್ಲೇ ಇದ್ದವು. ಬಾಯಿಗೆ ಬಂದದ್ದು ಭಾನುವಾರ ಭಾನುವಾರ ನೋಡಿ ನೋಡಿ ಬೇಸತ್ತಿದ್ದ ಆ ಒಂದೇ ನಂಬರ್.

"ಜುಬೇದಾ ಅವ್ರೇ, ನಾನು ಸುಮಿತ್ರ. ನಂಗೆ ಯಾರೋ ಮದ್ದು ಹಾಕಿದಾರೆ."

ಆ ಕಡೆ ಸುತ್ತಿಗೆ ಸದ್ದು. ಅವಳು ಹಿಂದೆ ತಿರುಗಿ, "ರೀ, ಸ್ವಲ್ಪ ನಿಲ್ಸಿ ಅದನ್ನ!" ಎಂದು ಕೂಗಿದಳು. ಸದ್ದು ನಿಂತಿತು. ನಾನು ಎಲ್ಲ ಹೇಳಿದೆ. ಬೆವರು, ಎದೆಬಡಿತ, ಡಬ್ಬಿ, ಹಸಿರು ರಸ. ತಿಂಗಳುಗಟ್ಟಲೆ ಎಲ್ಲ ಚೆನ್ನಾಗಿದೆ ಎಂದು ಸುಳ್ಳು ಹೇಳಿದ್ದವಳು, ಕೂದಲು ಉದುರುತ್ತಿದೆ ಎನ್ನುವುದನ್ನೂ ಸೇರಿಸಿ ಹೇಳಿದೆ.

"ಆ ರಸ ಕುಡಿದ್ರಾ?"

"ಇಲ್ಲ."

"ಅಬ್ಬಾ, ದೇವ್ರು ದೊಡ್ಡೋನು. ಮುಟ್ಬೇಡಿ ಮಾರಾಯ್ರೆ ಅದನ್ನ. ಈಗ ಹೇಳಿ, ಅವರ ಮನೆ ಕಾಫಿಗೆ ಸಿಹಿ ಏನು ಹಾಕ್ತಾರೆ?"

"ಸಕ್ಕರೆ ಮುಟ್ಟಲ್ಲ ನಾನು. ಬೆಲ್ಲ."

"ಯಾ ಅಲ್ಲಾ! ಬೆಲ್ಲ ಸಿಹಿ ಅಲ್ವಾ?"

ನಿಜ ಹೇಳುತ್ತೇನೆ, ಅದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಸ್ವೀಟ್ ಎಂದರೆ ನಮಗೆ ಜಾಮೂನು, ಮೈಸೂರು ಪಾಕು. ಬೆಲ್ಲ ಎಂದರೆ ಬಿಸಿಲಲ್ಲಿ ಬಂದವರಿಗೆ ನೀರಿನ ಜೊತೆ ಕೊಡುವುದು, ಬಾಣಂತಿಗೆ ಕೊಡುವುದು, ಕಾಫಿಗೆ ಹಾಕುವುದು. ಅದನ್ನು ಯಾರು ಸ್ವೀಟಿನ ಲೆಕ್ಕಕ್ಕೆ ಇಡುತ್ತಾರೆ? ಬೆಂಗಳೂರಿನ ಹುಡುಗಿ ಬೆಲ್ಲದ ಹೆಸರು ಎತ್ತಲಿಲ್ಲ, ನಾನು ಕೇಳಲಿಲ್ಲ.

"ನಂಗೂ ಆಗಿತ್ತು" ಅಂದಳು ಜುಬೇದಾ. "ನಾದಿನಿ ಮದುವೇಲಿ ಒಂದು ಬಟ್ಟಲು ಪಾಯಸ ಕುಡಿದೆ. ಮದುವೆ ಮನೇಲೇ ಬಿದ್ದೆ. ನಮ್ಮ ಅತ್ತೆ ಕಣ್ಣು ತಾಗಿದೆ ಅಂತ ಮೆಣಸಿನಕಾಯಿ ಸುಟ್ಟರು. ಡಾಕ್ಟ್ರನ್ನ ಕೇಳಿದ್ರೆ, ನಮ್ಮ ಈ ಹೊಟ್ಟೆಗೆ ಸಿಹಿ ಜಾಸ್ತಿ ಹೋದ್ರೆ ಹಂಗೇ ಆಗೋದು ಅಂದ್ರು."

"ಆದ್ರೆ ನಮ್ಮನೇಲೂ ಚೂರು ಬೆಲ್ಲ ಹಾಕ್ತೀನಲ್ಲ, ಅದಕ್ಕೇನೂ ಆಗಲ್ಲ."

"ಚೂರು! ಅವರು ಎಷ್ಟು ಹಾಕ್ತಾರೆ? ಆ ಡಬ್ಬಿಲಿ ಏನಿದೆ? ಅದನ್ನ ನನ್ನ ಕೇಳಿದ್ರೆ ಆಗುತ್ತಾ, ಅವರನ್ನ ಕೇಳಿ. ಮೊದ್ಲು ಮನೆಗೆ ಹೋಗಿ, ಕೇಳಿ, ಆಮೇಲೆ ನಂಗೆ ಫೋನ್ ಮಾಡಿ. ಇವತ್ತೇ."

ವಾಪಸ್ ಬಸ್ಸಿನಲ್ಲಿ ಅಮ್ಮ ನನ್ನ ಜೊತೆ ಬರಲಿಲ್ಲ. "ಯಾರೋ ಫೋನಲ್ಲಿ ಹೇಳಿದ್ದನ್ನ ನಂಬ್ತೀಯ, ಹೆತ್ತವಳನ್ನ ನಂಬಲ್ಲ" ಎಂದು ಮುಖ ಊದಿಸಿಕೊಂಡು ತನ್ನ ಮನೆಗೆ ಹೋದಳು. ನಾನೊಬ್ಬಳೇ ಕಿಟಕಿಯ ಪಕ್ಕ ಕೂತೆ. ಕೊಟ್ಟಿಗೆಹಾರದಲ್ಲಿ ಒಬ್ಬಾಕೆ ಹತ್ತಿ, ಏನೂ ಯೋಚಿಸದೆ ನನ್ನ ಪಕ್ಕ ಬಂದು ಕೂತಳು. ಎಷ್ಟೋ ವರ್ಷಗಳ ನಂತರ ನನ್ನ ಪಕ್ಕ ಒಬ್ಬರು ಕೂತಿದ್ದು. ಖುಷಿಪಡಲೂ ಮನಸ್ಸಿರಲಿಲ್ಲ ಆ ದಿನ.

ಮನೆ ಮುಟ್ಟುವಾಗ ನಾಲ್ಕು ಗಂಟೆ ಮೀರಿತ್ತು. ಗಿರಿಜಕ್ಕ ಕಣದಲ್ಲಿ ಒಬ್ಬರೇ ಹಣ್ಣು ಕೆದಕಿ ಮುಗಿಸಿ, ನಮ್ಮ ಭಾಗವನ್ನೂ ಕೆದಕಿಟ್ಟಿದ್ದರು. ನನ್ನನ್ನು ಕಂಡು, "ಎಲ್ಲಿಗೆ ಹೋಗಿದ್ದೆ? ಕಾಫಿ ಆರೋಯ್ತು, ಬಾ, ಬಿಸಿ ಮಾಡ್ತೀನಿ" ಅಂದರು.

ಅಡುಗೆಮನೆಯಲ್ಲಿ ಕೂತೆ. ಅವರು ಬೆನ್ನು ತಿರುಗಿಸಿದರು. ಕೈ ಡಬ್ಬಿಗೆ ಹೋಯಿತು.

"ಅಕ್ಕ, ಏನು ಹಾಕ್ತಿದ್ದೀರಿ ಅದಕ್ಕೆ?"

ಕೈ ನಿಂತಿತು. ತಿರುಗಿದರು. ಸಿಕ್ಕಿಬಿದ್ದವರ ಮುಖ. ಅಮ್ಮನ ಮಾತೇ ನಿಜವಾಯಿತಲ್ಲ ಅನ್ನಿಸಿತು.

"ಏನಿಲ್ಲ" ಅಂದರು.

"ತೋರಿಸಿ."

ಡಬ್ಬಿಯನ್ನು ನನ್ನ ಮುಂದಿಟ್ಟರು. ಒಳಗೆ ಜೋನಿ ಬೆಲ್ಲ, ಜೇನಿನ ಹಾಗೆ ಹರಿಯುವ ನೀರು ಬೆಲ್ಲ, ತುಪ್ಪದ ಜೊತೆ ಕಲೆಸಿದ್ದು. ಅದರಲ್ಲಿ ಒಂದು ದೊಡ್ಡ ಚಮಚ.

"ಎರಡು ಚಮಚ ಹಾಕ್ತಿದ್ದೆ" ಅಂದರು ಗಿರಿಜಕ್ಕ. "ಮೊದ್ಲು ಹಾಕಿದ ಬೆಲ್ಲ ಅಲ್ದೆ."

"ಯಾಕೆ?"

ಅವರು ಸೆರಗು ಬಾಯಿಗೆ ಒತ್ತಿಕೊಂಡರು. ಗಿರಿಜಕ್ಕ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ, ಅತ್ತೆ ಹೋದಾಗಲೂ ಕಣ್ಣು ಕೆಂಪಾಗಿದ್ದಷ್ಟೇ. "ನಾನೇನು ಕುರುಡಿಯಾ? ಕಲ್ಲು ತೆಗೆಸ್ಕೊಂಡೋರು ಹಿಂಗೆ ಕರಗ್ತಾರಾ? ಕೂದ್ಲು ಹಿಂಗೆ ಹೋಗುತ್ತಾ? ಬೆಂಗಳೂರು ಬೆಂಗಳೂರು ಅಂತ ಓಡ್ತೀರಿ, ಫೋನ್ ಹಿಡ್ಕೊಂಡು ಗುಡ್ಡ ಹತ್ತೀಯ. ಕ್ಯಾನ್ಸರ್ ಅಂತ ಗೊತ್ತಾಯ್ತು ನಂಗೆ. ನೀನಾಗಿ ಹೇಳ್ಳಿಲ್ಲ, ನಾನು ಹೆಂಗೆ ಕೇಳ್ಲಿ? ಊಟ ಕೊಟ್ರೆ ಬೇಡ ಅಂತೀಯ, ರೊಟ್ಟಿ ಕೊಟ್ರೆ ಬೇಡ ಅಂತೀಯ. ಈ ಅರ್ಧ ಲೋಟ ಕಾಫಿ ಒಂದೇ ನನ್ನ ಕೈಯಿಂದ ನಿನ್ನ ಹೊಟ್ಟೆಗೆ ಹೋಗ್ತಿದ್ದದ್ದು. ಇದ್ರಲ್ಲೇ ಆದಷ್ಟು ಶಕ್ತಿ ಹೋಗ್ಲಿ ಅಂತ ಹಾಕ್ದೆ."

ಅಯ್ಯೋ ದೇವರೇ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲವನ್ನೂ ಹೇಳಿದೆ. ಕಲ್ಲಲ್ಲ, ಕ್ಯಾನ್ಸರ್ ಅಲ್ಲ, ಹೊಟ್ಟೆ ಚಿಕ್ಕದು ಮಾಡಿಸಿಕೊಂಡು ಬಂದೆ ಎಂದು. ಬೆಲ್ಲ ನನಗಾಗದು ಎಂದು. ಬೆವರಿದ್ದು, ಬಿದ್ದದ್ದು. ಕಳಸಕ್ಕೆ ಯಾಕೆ ಹೋಗಿದ್ದೆ ಎನ್ನುವುದನ್ನೂ ಮುಚ್ಚಿಡಲಿಲ್ಲ. ಮದ್ದು ಎನ್ನುವ ಮಾತು ನನ್ನ ಬಾಯಿಂದ ಬಂದಾಗ ಅವರು ಅಳು ನಿಲ್ಲಿಸಿದರು. ನನ್ನ ಲೋಟದ ಕಾಫಿಯನ್ನು ಹಿತ್ತಲಿಗೆ ಚೆಲ್ಲಿ, ನನಗೆ ಬೆನ್ನು ಹಾಕಿ ಲೋಟ ತೊಳೆದರು. ಮುಗಿಯಿತು, ಈ ಅಡುಗೆಮನೆ ಇನ್ನು ನನಗಿಲ್ಲ ಅಂದುಕೊಂಡೆ.

ಕೊನೆಗೆ ನನ್ನ ಕಡೆ ತಿರುಗಿ ಕೇಳಿದರು. "ನಾನು ಮದ್ದು ಹಾಕ್ತೀನಿ ಅಂತ ಅನ್ಕೊಂಡೂ ದಿನಾ ಬಂದು ಕುಡೀತಿದ್ಯಲ್ಲೆ?"

"ಹೌದು."

"ಯಾಕೆ?"

"ಬರದೆ ಇದ್ರೆ ನೀವು ಒಬ್ರೇ ಕುಡೀಬೇಕಾಗ್ತಿತ್ತಲ್ಲ" ಅಂದೆ. ಬೇರೆ ಉತ್ತರ ನನಗೆ ಗೊತ್ತಿರಲಿಲ್ಲ.

ಗಿರಿಜಕ್ಕ ನನ್ನ ತಲೆಗೆ ಒಂದು ಮೊಟಕಿದರು, ನೋವಾಗುವಷ್ಟು. ಆಮೇಲೆ ಬೇರೆ ಕಾಫಿಗೆ ನೀರಿಟ್ಟರು. ನಾನು ಟ್ಯಾಂಕಿನ ಹತ್ತಿರ ಹೋಗಿ ಜುಬೇದಾಗೆ ಫೋನ್ ಮಾಡಿ ಬಂದೆ.

ಈಗ ನಾವು ಆಪರೇಷನ್ ಆದ ಕೆಲವರು ಜುಬೇದಾಳ ಮನೆಯಲ್ಲಿ ಆಗಾಗ ಸೇರುತ್ತೇವೆ. ಯಾರಿಗೆ ಯಾವುದು ಇಳಿಯಿತು, ಯಾವುದು ಇಳಿಯಲಿಲ್ಲ ಎಂದು ಮಾತಾಡುತ್ತೇವೆ. ಹೊಸಬರು ಬಂದರೆ, ನಾನು ಮೊದಲು ಕೇಳುವುದು ಮನೆಯಲ್ಲಿ ಹೇಳಿದ್ದೀರಾ ಎಂದು. ಅವರು ನನ್ನನ್ನು ಅನುಮಾನದಿಂದ ನೋಡುತ್ತಾರೆ. ನೋಡಲಿ, ಆ ನೋಟ ನನಗೆ ಚೆನ್ನಾಗಿ ಗೊತ್ತು. ನನ್ನ ಅನುಮಾನದ ಬುದ್ಧಿಯೂ ಎಲ್ಲಿಗೂ ಹೋಗಿಲ್ಲ. ಆ ಫೋಟೋದ ಮೂಗನ್ನು ನಾನು ಈಗಲೂ ಒಪ್ಪುವುದಿಲ್ಲ.

ನಾಲ್ಕು ಗಂಟೆಯ ಕಾಫಿ ನಿಂತಿಲ್ಲ. ಬೆಲ್ಲವಿಲ್ಲದ ಕಾಫಿಯನ್ನು ಗಿರಿಜಕ್ಕ ಒಂದೇ ಲೋಟಕ್ಕೆ ಬಗ್ಗಿಸುತ್ತಾರೆ. ನನ್ನ ಎದುರಿಗೇ ಕೂತು, "ಎಂಜಲು ಅನ್ಬೇಡ, ಆಮೇಲೆ ಮದ್ದು ಅಂತೀಯ" ಎನ್ನುತ್ತಾ ಮೊದಲು ತಾವು ಕುಡಿಯುತ್ತಾರೆ. ಅರ್ಧ ಆದ ಮೇಲೆ ಲೋಟ ನನ್ನ ಕೈಗೆ ಕೊಡುತ್ತಾರೆ. ನನ್ನ ಹೊಟ್ಟೆಗೆ ಈಗ ಹಿಡಿಸುವುದು ಅಷ್ಟೇ.